ಕಾಲಿನ ನೋವು, ರಕ್ತದ ಲೆಕ್ಕ



ಬ್ಯಾಂಕಿನ ಲೆಕ್ಕದಲ್ಲಿ 'ಸಸ್ಪೆನ್ಸ್' ಎಂಬ ಒಂದು ಖಾತೆ ಇರುತ್ತದೆ. ಬಂದ ಹಣ ಯಾರದು, ಯಾವ ಲೆಕ್ಕಕ್ಕೆ ಸೇರಬೇಕು ಎಂಬುದು ಕೂಡಲೇ ತಿಳಿಯದಿದ್ದರೆ ಅದನ್ನು ತಾತ್ಕಾಲಿಕವಾಗಿ ಆ ಖಾತೆಗೆ ಹಾಕಿಡುತ್ತಾರೆ. ಆದರೆ ಅದು ಅಲ್ಲಿ ಬಹಳ ದಿನ ಕೂರಬಾರದು. ಲೆಕ್ಕ ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು: "ಇದು ಎಲ್ಲಿಂದ ಬಂತು, ಯಾಕೆ ಇನ್ನೂ ಇಲ್ಲೇ ಇದೆ?"

ನಮ್ಮ ಹಳ್ಳಿಗಳಲ್ಲಿ ಕಾಲುನೋವಿಗೂ ಅಂಥದೊಂದು ಖಾತೆ ಇದೆ. ಅದರ ಹೆಸರು 'ಉಳುಕು'. ಬಿದ್ದಿಲ್ಲ, ಎಡವಿಲ್ಲ, ಕಲ್ಲು ತಗುಲಿಲ್ಲ. ಆದರೂ ಕಣಕಾಲಿನ ಗಂಟು ನೋಯುತ್ತಿದೆ ಎಂದರೆ "ಎಲ್ಲೋ ಉಳುಕಿರಬೇಕು" ಎನ್ನುತ್ತೇವೆ. ಎಣ್ಣೆ ಹಚ್ಚುತ್ತೇವೆ, ಬಟ್ಟೆ ಬಿಗಿಯುತ್ತೇವೆ, ಅಂಗಡಿಯಿಂದ ನೋವಿನ ಮಾತ್ರೆ ತರುತ್ತೇವೆ. ವಾರ ಹೋಗಿ ತಿಂಗಳಾಗುತ್ತದೆ, ಒಂದು ತಿಂಗಳು ಆರು ತಿಂಗಳಾಗುತ್ತದೆ. ಈ ನೋವು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಂದು ನಾನು ನಿಮ್ಮ ಮುಂದಿಡಲಿರುವುದು ಈ ಪ್ರಶ್ನೆಯನ್ನೇ. ಪೆಟ್ಟು ಬೀಳದೆ, ಮುರಿಯದೆ, ದೇಹದ ಒಳಗಿರುವ ಬೇರೊಂದು ಕಾಯಿಲೆಯಿಂದ ಕಣಕಾಲಿನ ಮತ್ತು ಪಾದದ ಎಲುಬು ಸಾಯುವುದುಂಟು. ಹೌದು, ಸಾಯುವುದು ಎಂದೇ ಹೇಳಿದೆ. ಮನುಷ್ಯ ಬದುಕಿರುತ್ತಾನೆ, ಅವನ ಒಂದು ಎಲುಬು ಸತ್ತಿರುತ್ತದೆ. ಅದು ಕುಸಿಯುವ ಮೊದಲು ತಿಳಿದರೆ ಒಂದು ದಾರಿ, ಕುಸಿದ ಮೇಲೆ ತಿಳಿದರೆ ಬೇರೆಯೇ ದಾರಿ.

ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ವಯನಾಡಿನ ಗಡಿಯ ಹಳ್ಳಿಯಲ್ಲಿ ನನ್ನ ಮನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ. ಎರಡೂ ಭಾಷೆ ಓದಲು ಬರೆಯಲು ಬರುವುದರಿಂದ ಅಕ್ಕಪಕ್ಕದವರು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಕರೆಯುತ್ತಾರೆ. ಹಾಗೆ ಹೋಗಿ ಬಂದು, ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ.

ಎಲುಬನ್ನು ನಾವು ಒಣ ಕಟ್ಟಿಗೆಯಂತೆ ಭಾವಿಸುತ್ತೇವೆ. ಅದು ಸರಿಯಲ್ಲ. ಎಲುಬು ಜೀವಂತ ವಸ್ತು. ಅದರೊಳಗೆ ಸಣ್ಣ ಸಣ್ಣ ರಕ್ತನಾಳಗಳು ಓಡಾಡುತ್ತವೆ. ಹಳೆಯ ಎಲುಬು ಕರಗಿ ಹೊಸದು ಕಟ್ಟಿಕೊಳ್ಳುವ ಕೆಲಸ ನಾವು ಬದುಕಿರುವ ತನಕ ನಡೆಯುತ್ತದೆ. ಗದ್ದೆಗೆ ಕಾಲುವೆ ಇದ್ದ ಹಾಗೆ ಎಲುಬಿಗೆ ರಕ್ತ. ಕಾಲುವೆ ಮುಚ್ಚಿದರೆ ಪೈರು ಅದೇ ದಿನ ಒಣಗುವುದಿಲ್ಲ. ಆದರೆ ಒಣಗದೆ ಬಿಡುವುದೂ ಇಲ್ಲ.

ನಮ್ಮ ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಅವುಗಳಲ್ಲಿ ಎಲ್ಲಕ್ಕೂ ಮೇಲೆ, ಮೊಣಕಾಲಿನಿಂದ ಇಳಿದು ಬರುವ ಎಲುಬುಗಳ ಕೆಳಗೆ, ಹಿಮ್ಮಡಿಯ ಎಲುಬಿನ ಮೇಲೆ ಕುಳಿತಿರುವ ಒಂದು ಎಲುಬು ಇದೆ. ವೈದ್ಯರು ಅದನ್ನು ಟೇಲಸ್ ಎನ್ನುತ್ತಾರೆ. ನಾವು ನಿಂತಾಗ ಮೈಯ ಭಾರವೆಲ್ಲ ಪಾದಕ್ಕೆ ಇಳಿಯುವುದು ಇದರ ಮೂಲಕವೇ. ತಲೆಯ ಮೇಲೆ ಹುಲ್ಲಿನ ಹೊರೆ ಇದ್ದರೆ ಆ ಭಾರವೂ ಇದಕ್ಕೇ ಬರುತ್ತದೆ.

ಇಷ್ಟು ಕೆಲಸ ಮಾಡುವ ಈ ಎಲುಬಿಗೆ ರಕ್ತ ಬರುವ ದಾರಿಗಳು ಬಹಳ ಕಡಿಮೆ. ಬೇರೆ ಎಲುಬುಗಳಿಗೆ ಸ್ನಾಯುಗಳು ಅಂಟಿಕೊಂಡಿರುತ್ತವೆ, ಅವುಗಳ ಮೂಲಕವೂ ರಕ್ತ ಸೇರುತ್ತದೆ. ಟೇಲಸ್‌ಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮೈಯ ಐದರಲ್ಲಿ ಸುಮಾರು ಮೂರು ಪಾಲು ನುಣುಪಾದ ಮೃದು ಎಲುಬಿನಿಂದ ಮುಚ್ಚಿದೆ. ಅಲ್ಲಿ ರಕ್ತನಾಳ ಒಳಗೆ ಹೋಗುವುದಕ್ಕೆ ಜಾಗವಿಲ್ಲ. ಉಳಿದ ಸ್ವಲ್ಪ ಜಾಗದಲ್ಲಿ ಸಣ್ಣ ನಾಳಗಳು ನುಗ್ಗಬೇಕು. ಮಳೆಗಾಲದಲ್ಲಿ ಒಂದೇ ಸೇತುವೆಯನ್ನು ನಂಬಿದ ಊರಿನಂತೆ ಇದರ ಸ್ಥಿತಿ.

ಟೇಲಸ್ ಸಾಯುವುದಕ್ಕೆ ಹೆಚ್ಚಿನವರಲ್ಲಿ ಕಾರಣ ಪೆಟ್ಟು. ಮರದಿಂದ ಬಿದ್ದು ಅಥವಾ ವಾಹನ ಅಪಘಾತದಲ್ಲಿ ಆ ಎಲುಬು ಮುರಿದರೆ ಸೇತುವೆಯೇ ಕಡಿದುಹೋಗುತ್ತದೆ. ಅದನ್ನು ಎಲ್ಲರೂ ಒಪ್ಪುತ್ತಾರೆ, ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣದ್ದು ಇನ್ನೊಂದು ಬಗೆ. ಪೆಟ್ಟಿಲ್ಲದೆ, ರಕ್ತವೇ ಕೆಟ್ಟು, ಅಥವಾ ತೆಗೆದುಕೊಂಡ ಔಷಧಿಯಿಂದ, ಅಥವಾ ಕುಡಿತದಿಂದ ಆ ಸಣ್ಣ ನಾಳಗಳು ಮುಚ್ಚಿಹೋಗುವುದು.

ಎಲುಬು ಸತ್ತ ದಿನ ಹೊರಗೆ ಏನೂ ಕಾಣುವುದಿಲ್ಲ. ಆಕಾರ ಹಾಗೆಯೇ ಇರುತ್ತದೆ. ಆಮೇಲೆ ದೇಹವು ಅದನ್ನು ಸರಿಪಡಿಸಲು ಹೊರಡುತ್ತದೆ. ಸತ್ತ ಭಾಗವನ್ನು ಕರಗಿಸಿ ತೆಗೆಯುತ್ತದೆ, ಹೊಸದನ್ನು ಕಟ್ಟಲು ನೋಡುತ್ತದೆ. ಹಳೆಯ ಮನೆಯ ತೊಲೆ ಬದಲಿಸುವಾಗ ಮಾಡು ಕುಸಿಯುವ ಭಯ ಇರುತ್ತದಲ್ಲ, ಹಾಗೆಯೇ ಈ ಹೊತ್ತಿನಲ್ಲಿ ಎಲುಬು ಬಹಳ ದುರ್ಬಲ. ಆಗ ಮೈಯ ಭಾರ ಬಿದ್ದರೆ ಮೇಲ್ಭಾಗ ಒಳಕ್ಕೆ ಕುಸಿಯುತ್ತದೆ. ಕುಸಿದ ಮೇಲೆ ಗಂಟು ಸವೆಯುತ್ತದೆ, ಹೆಜ್ಜೆ ಹೆಜ್ಜೆಗೂ ನೋವು ಕಾಯಂ ಆಗುತ್ತದೆ. ಆದ್ದರಿಂದ ಎಲುಬು ಸಾಯುವುದಕ್ಕೂ ಕುಸಿಯುವುದಕ್ಕೂ ನಡುವೆ ಸಿಗುವ ಕಾಲವೇ ನಮ್ಮ ಕೈಯಲ್ಲಿರುವ ಕಾಲ. ಅದನ್ನು ನಾವು ಉಳುಕಿನ ಖಾತೆಯಲ್ಲಿ ಕಳೆದುಬಿಡುತ್ತೇವೆ.

ಈಗ ಕಾರಣಗಳಿಗೆ ಬರೋಣ. ನಮ್ಮ ಬೆಟ್ಟಸೀಮೆಯಲ್ಲಿ ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದದ್ದು ಸಿಕಲ್ ಸೆಲ್ ಕಾಯಿಲೆ. ಕನ್ನಡದಲ್ಲಿ ಕುಡುಗೋಲು ಕಣ ರೋಗ ಎಂದು ಬರೆಯುತ್ತಾರೆ. ಮಲೆಯಾಳದಲ್ಲಿ ಅರಿವಾಳ್ ರೋಗಂ. ಅರಿವಾಳ್ ಎಂದರೂ ಕುಡುಗೋಲೇ. ರಕ್ತದ ಕೆಂಪು ಕಣಗಳು ಸಾಮಾನ್ಯವಾಗಿ ದುಂಡಗೆ, ಮೆತ್ತಗೆ ಇರುತ್ತವೆ. ಎಷ್ಟೇ ಕಿರಿದಾದ ನಾಳವಿದ್ದರೂ ಬಳುಕಿಕೊಂಡು ಹೋಗುತ್ತವೆ. ಈ ಕಾಯಿಲೆ ಇರುವವರಲ್ಲಿ ಆಮ್ಲಜನಕ ಕಡಿಮೆಯಾದ ಕೂಡಲೇ ಕಣಗಳು ಗಡುಸಾಗಿ ಕುಡುಗೋಲಿನಂತೆ ಬಾಗುತ್ತವೆ. ಸಣ್ಣ ನಾಳದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ನೆರೆಯ ನೀರಿನಲ್ಲಿ ಬಂದ ಕಸಕಡ್ಡಿ ಮೋರಿಗೆ ಅಡ್ಡ ನಿಂತಂತೆ. ಅಲ್ಲಿಂದ ಮುಂದಕ್ಕೆ ರಕ್ತವಿಲ್ಲ. ಆಗ ಬರುವುದೇ ಎಲುಬು ಸೀಳುವಂಥ ನೋವು. ಮತ್ತೆ ಮತ್ತೆ ಹೀಗಾದರೆ ಎಲುಬಿನ ಭಾಗ ಸಾಯುತ್ತದೆ. ಸೊಂಟದ ಕೀಲಿನಲ್ಲಿ ಇದು ಹೆಚ್ಚು; ಭುಜ, ಮೊಣಕಾಲು, ಕಣಕಾಲುಗಳಲ್ಲೂ ಆಗುತ್ತದೆ.

ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕಿದರೆ ಈ ಕುಡುಗೋಲು ಕಣ 10ರಿಂದ 20 ದಿನ ಮಾತ್ರ ಬದುಕುತ್ತದೆ. ಅದಕ್ಕೇ ಇವರಿಗೆ ರಕ್ತಹೀನತೆ, ಕಣ್ಣು ಹಳದಿ, ಸುಸ್ತು.

ಇದನ್ನು ವೈದ್ಯಶಾಸ್ತ್ರದಲ್ಲಿ ಮೊದಲು ಬರೆದಿಟ್ಟವರು ಅಮೆರಿಕದ ಷಿಕಾಗೊ ನಗರದ ಡಾಕ್ಟರ್ ಜೇಮ್ಸ್ ಹೆರಿಕ್, 1910ರಲ್ಲಿ. ಅವರ ರೋಗಿ ಗ್ರೆನೆಡಾ ದ್ವೀಪದಿಂದ ದಂತವೈದ್ಯ ಓದಲು ಬಂದಿದ್ದ ಒಬ್ಬ ಯುವಕ. ಆ ಯುವಕನ ಕಾಲುಗಳ ಮೇಲೆ ಹಳೆಯ ಹುಣ್ಣುಗಳ ಕಲೆಗಳಿದ್ದುವೆಂದು ಹೆರಿಕ್ ಬರೆದಿದ್ದಾರೆ. ಕಣಕಾಲಿನ ಸುತ್ತ ಆಗುವ, ಬೇಗ ಮಾಯದ ಹುಣ್ಣು ಈ ಕಾಯಿಲೆಯ ಒಂದು ಗುರುತೆಂದು ಈಗ ಎಲ್ಲ ವೈದ್ಯರಿಗೂ ಗೊತ್ತು. ನಮ್ಮ ದಕ್ಷಿಣ ಭಾರತದಲ್ಲಿ ಇದರ ಸುಳಿವು ಸಿಕ್ಕಿದ್ದು ನಮ್ಮ ನೆರೆಯ ನೀಲಗಿರಿಯಲ್ಲೇ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಅಲ್ಲಿಯ ಬೆಟ್ಟದ ಜನರ ರಕ್ತ ಪರೀಕ್ಷಿಸಿ ಇದನ್ನು ಪ್ರಕಟಿಸಿದರು. ವಯನಾಡಿನಲ್ಲಿ ಆದಿವಾಸಿ ಜನರಲ್ಲೂ ವಯನಾಡನ್ ಚೆಟ್ಟಿಯವರಲ್ಲೂ ಇದು ಕಂಡುಬಂದಿದೆ. ಕಾಡಂಚಿನ ಈ ಸೀಮೆಗಳಲ್ಲಿ ಹಿಂದೆ ಮಲೇರಿಯ ಹೆಚ್ಚು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಪಡೆದವರಿಗೆ ಮಲೇರಿಯದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಹಾಗಾಗಿಯೇ ಈ ಗುಣ ಇಂಥ ಕಡೆ ಉಳಿದು ಬಂತು. ಇದರಲ್ಲಿ ಯಾವ ಕುಲದ ಮರ್ಯಾದೆಯ ಪ್ರಶ್ನೆಯೂ ಇಲ್ಲ.

ಲೆಕ್ಕವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ರೋಗಿಯಲ್ಲ. ವಾಹಕರಾದ ಇಬ್ಬರು ಮದುವೆಯಾದರೆ ಪ್ರತಿಯೊಂದು ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. "ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ" ಎಂದು ತಿಳಿಯಬಾರದು. ಪ್ರತಿಯೊಂದು ಹೆರಿಗೆಗೂ ಹೊಸ ಪುಟ, ಹೊಸ ಲೆಕ್ಕ. ಸೋದರಮಾವ, ಸೋದರತ್ತೆ ಎಂದು ಒಳಗೊಳಗೇ ಸಂಬಂಧ ಬೆಳೆಸುವ ಮನೆಗಳಲ್ಲಿ ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸುವುದು ಜಾತಕ ನೋಡಿಸುವುದಕ್ಕಿಂತ ಮುಖ್ಯ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಮ್ಮ ಪಕ್ಕದ ಊರಿನ ಒಬ್ಬ ಹುಡುಗನ ವಿಷಯ ಕೇಳಿ. ಹೆಸರು ಬೇಡ. ವಯಸ್ಸು 22, ಕಾಫಿ ತೋಟದಲ್ಲಿ ಕೆಲಸ. ಬಲಗಾಲಿನ ಕಣಕಾಲು ಮುಂಭಾಗದಲ್ಲಿ ನೋಯಲು ತೊಡಗಿತು. ತಾಯಿ ಹೇಳಿದರು, "ಇಳಿಜಾರಿನಲ್ಲಿ ಹೆಜ್ಜೆ ತಪ್ಪಿರಬೇಕು ಅಣ್ಣ, ತಿಕ್ಕಿಸಿದರೆ ಹೋಗುತ್ತೆ." ತಿಕ್ಕಿಸಿದರು. ಬಿದಿರ ಸೀಳು ಕಟ್ಟಿಸಿದರು. ಒಂದು ಕಡೆ ಎಕ್ಸ್-ರೇ ತೆಗೆದು "ಎಲುಬು ಸರಿಯಾಗಿದೆ" ಎಂದು ಮಾತ್ರೆ ಕೊಟ್ಟು ಕಳಿಸಿದರು. ಮತ್ತೊಂದು ಕಡೆ ಚುಚ್ಚುಮದ್ದು ಹಾಕಿದರು. ಎಂಟು ತಿಂಗಳು ಹೀಗೆ ಕಳೆಯಿತು. ಕೊನೆಗೆ ಹುಡುಗ ಕೋಲು ಹಿಡಿದು ನಡೆಯುವಂತಾದ. ದೊಡ್ಡ ಆಸ್ಪತ್ರೆಗೆ ಹೋಗುವಾಗ ನನ್ನನ್ನು ಕರೆದರು.

ಹೊರಡುವ ಹಿಂದಿನ ದಿನ ತಾಯಿಯನ್ನು ಕೇಳಿದೆ, "ತಂಗಿ, ಇವನ ಹಳೆಯ ಚೀಟಿಗಳು ಎಲ್ಲಿವೆ?" ಆಕೆ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಸುರಿದಳು. ಕೆಲವು ಮಲೆಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಎರಡು ಕರ್ನಾಟಕದ ಆಸ್ಪತ್ರೆಯವು ಕನ್ನಡದಲ್ಲಿ. ಗುಮಾಸ್ತನ ಅಭ್ಯಾಸ, ದಿನಾಂಕದ ಪ್ರಕಾರ ಜೋಡಿಸಿ ಹೊಲಿದೆ. ಮಗುವಾಗಿದ್ದಾಗ ಒಮ್ಮೆ ಕೈಕಾಲು ಬಾತದ್ದು. ನಾಲ್ಕನೆಯ ವರ್ಷ, ಏಳನೆಯ ವರ್ಷ, ಹನ್ನೊಂದನೆಯ ವರ್ಷ ಕಾಮಾಲೆ. ಒಮ್ಮೆ ರಕ್ತ ಕೊಟ್ಟದ್ದು. ಮಳೆಗಾಲದಲ್ಲಿ ಎರಡು ಸಲ ಮೈಕೈ ನೋವೆಂದು ಸೇರಿಸಿದ್ದು. ಒಂದೊಂದು ಚೀಟಿಯೂ ಒಂದೊಂದು ಆಸ್ಪತ್ರೆಯದು. ಯಾರ ಕೈಗೂ ಎಲ್ಲವೂ ಒಟ್ಟಿಗೆ ಸಿಕ್ಕಿರಲಿಲ್ಲ. ಯಾರೂ ಕೂಡಿಸಿ ನೋಡಿರಲಿಲ್ಲ.

ದೊಡ್ಡ ಆಸ್ಪತ್ರೆಯ ವೈದ್ಯರು ಕಾಲು ಮುಟ್ಟುವ ಮೊದಲು ಆ ಕಟ್ಟನ್ನು ಪುಟ ತಿರುಗಿಸಿ ನೋಡಿದರು. ಹುಡುಗನ ಕಣ್ಣಿನ ಬಿಳಿಭಾಗ ನೋಡಿದರು. "ಮೊದಲು ರಕ್ತ ನೋಡೋಣ" ಎಂದರು. ಸಿಕಲ್ ಸೆಲ್ ಕಾಯಿಲೆ ಎಂದು ಬಂತು. ಆಮೇಲೆ ಎಂ.ಆರ್.ಐ. ಮಾಡಿದಾಗ ಬಲಗಾಲಿನ ಟೇಲಸ್ ಸತ್ತು ಮೇಲ್ಭಾಗ ಕುಸಿಯತೊಡಗಿತ್ತು. ವೈದ್ಯರು ಅಷ್ಟಕ್ಕೇ ನಿಲ್ಲದೆ ಎರಡೂ ಸೊಂಟದ ಕೀಲುಗಳನ್ನೂ ನೋಡಿಸಿದರು. ಎಡ ಸೊಂಟದಲ್ಲಿ ಆರಂಭವಾಗಿತ್ತು. ಅಲ್ಲಿ ಅವನಿಗೆ ಇನ್ನೂ ನೋವೇ ಇರಲಿಲ್ಲ. ಕಾಲಿನ ನೋವಿನ ಮೂಲ ಹುಡುಕಿದ್ದರಿಂದ ಸೊಂಟ ಕುಸಿಯುವ ಮೊದಲೇ ಚಿಕಿತ್ಸೆ ಸಿಕ್ಕಿತು. ಅವನ ತಂಗಿಯ ರಕ್ತವನ್ನೂ ನೋಡಿಸಿದರು. ಆಕೆ ವಾಹಕಳು. ಮದುವೆಯ ಮಾತು ನಡೆಯುತ್ತಿದ್ದ ಮನೆ ಅದು. ಗಂಡಿನ ಕಡೆಯವರೂ ಪರೀಕ್ಷೆ ಮಾಡಿಸಿದರು, ಅವನಲ್ಲಿ ಇರಲಿಲ್ಲ. ಮದುವೆ ಸುಗಮವಾಗಿ ನಡೆಯಿತು.

ಕೇಳುಗರೆ, ಎಳೆಯ ಮಕ್ಕಳ ತಾಯಂದಿರು ಒಂದು ಮಾತು ಗಮನಿಸಬೇಕು. ಆರು ತಿಂಗಳು ದಾಟಿದ ಕೂಸಿಗೆ ಎರಡೂ ಅಂಗೈ ಅಥವಾ ಎರಡೂ ಪಾದ ಬಾತು, ಮುಟ್ಟಿದರೆ ಅಳುತ್ತಿದ್ದರೆ, ಅದನ್ನು ದೃಷ್ಟಿ ತಾಗಿದ್ದೆಂದು ನಿವಾಳಿಸಿ ಬಿಡಬೇಡಿ. ಈ ಕಾಯಿಲೆ ಎಷ್ಟೋ ಮಕ್ಕಳಲ್ಲಿ ಮೊದಲು ತೋರಿಸಿಕೊಳ್ಳುವುದು ಹಾಗೆಯೇ.

ಹಾಗೆಂದು ಮಕ್ಕಳ ಪಾದದ ನೋವೆಲ್ಲ ಭಯಪಡುವಂಥದಲ್ಲ. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಪಾದದ ಒಳಬದಿಯ ಒಂದು ಎಲುಬಿಗೆ ರಕ್ತ ಕಡಿಮೆಯಾಗಿ ಮಗು ಕುಂಟುವುದುಂಟು. 1908ರಲ್ಲಿ ಇದನ್ನು ಬರೆದ ಜರ್ಮನಿಯ ವೈದ್ಯರ ಹೆಸರಿನಿಂದ ಕೋಲರ್ ಕಾಯಿಲೆ ಎನ್ನುತ್ತಾರೆ. ಇದು ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಯಾವುದು ತಾನಾಗಿ ಹೋಗುವಂಥದು, ಯಾವುದು ಅಲ್ಲ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

ಎರಡನೆಯ ಕಾರಣ ಸ್ಟಿರಾಯ್ಡ್ ಔಷಧಿ. ಇದು ಸೊಲ್ಲಾಪುರದ ಕೇಳುಗರಿಗೂ ಆದೋನಿಯ ಕೇಳುಗರಿಗೂ ಒಂದೇ ಸಮ. ಉಬ್ಬಸ, ಸಂಧಿವಾತ, ಚರ್ಮರೋಗ, ಲೂಪಸ್, ಮೂತ್ರಪಿಂಡ ಬದಲಿಸಿದವರು, ಇಂಥವರಿಗೆ ವೈದ್ಯರು ಸ್ಟಿರಾಯ್ಡ್ ಕೊಡುತ್ತಾರೆ. ಅದು ಜೀವ ಉಳಿಸುವ ಔಷಧಿ. 2020 ಮತ್ತು 2021ರ ಕೊರೋನ ಕಾಲದಲ್ಲಿ ಉಸಿರಿಗೆ ಕಷ್ಟವಾದ ಎಷ್ಟೋ ಜನ ಅದರಿಂದ ಬದುಕಿದರು. ಆದರೆ ದೊಡ್ಡ ಪ್ರಮಾಣದಲ್ಲಿ ಅಥವಾ ಬಹಳ ಕಾಲ ತೆಗೆದುಕೊಂಡರೆ ಕೆಲವರಲ್ಲಿ ಎಲುಬಿಗೆ ರಕ್ತ ಹೋಗುವುದು ಕುಂದುತ್ತದೆ. ಕೊರೋನ ಕಳೆದು ತಿಂಗಳುಗಳಾದ ಮೇಲೆ ಸೊಂಟದ ಕೀಲು ಸತ್ತ ರೋಗಿಗಳನ್ನು ನಮ್ಮ ದೇಶದ ವೈದ್ಯರು ಕಂಡಿದ್ದಾರೆ.

ವೈದ್ಯರು ಲೆಕ್ಕ ಹಿಡಿದು ಕೊಡುವ ಸ್ಟಿರಾಯ್ಡ್‌ನಲ್ಲಿ ಎಚ್ಚರಿಕೆ ಇದೆ. ಲೆಕ್ಕವಿಲ್ಲದೆ ಬರುವುದೇ ಅಪಾಯ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ "ಗಂಟುನೋವಿಗೆ ಗಿಡಮೂಲಿಕೆ" ಎಂದು ಪುಡಿ ಮಾರುತ್ತಾರೆ. ಎರಡು ದಿನದಲ್ಲಿ ನೋವು ಮಾಯ, ಹಸಿವು ಹೆಚ್ಚು, ಮುಖ ದುಂಡಗೆ. ಜನ ಹೊಗಳುತ್ತಾರೆ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆಯನ್ನು ವರ್ಷಗಟ್ಟಲೆ ಅಂಗಡಿಯಿಂದ ತರುವುದೂ ಇದೇ ಸಾಲಿಗೆ ಸೇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಕಡ್ಡಾಯವಾಗಿ ಹೇಳಬೇಕು. ಈ ಮಾತು ಕೇಳಿ ಯಾರೂ ನಾಳೆಯಿಂದಲೇ ಸ್ಟಿರಾಯ್ಡ್ ನಿಲ್ಲಿಸಬೇಡಿ. ಬಹಳ ಕಾಲ ತೆಗೆದುಕೊಂಡವರು ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ಬಳಿ ಹೋಗಿ, ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಮೂರನೆಯದು ಕುಡಿತ. ವರ್ಷಗಟ್ಟಲೆ ಮಿತಿಮೀರಿ ಕುಡಿಯುವವರ ಎಲುಬು ಸಾಯುವುದೂ ತಿಳಿದ ವಿಷಯ. ಈ ಬಗ್ಗೆ ಮನೆಯ ಹೆಂಗಸರಿಗೆ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ.

ಸಕ್ಕರೆ ಕಾಯಿಲೆಯವರು "ನಮಗೂ ಇದೇನಾ?" ಎಂದು ಕೇಳಬಹುದು. ಅವರ ಪಾದದ ದಾರಿ ಸ್ವಲ್ಪ ಬೇರೆ. ಅಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ, ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ, ಹುಣ್ಣಾಗುತ್ತದೆ, ಕೀವು ಎಲುಬಿಗೆ ಇಳಿದು ಎಲುಬು ಕೊಳೆಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದಿರುವುದೇ ಅಪಾಯದ ಗುರುತು. ಅವರು ದಿನವೂ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಲಿ. ಸಿಕಲ್ ಸೆಲ್ ಇರುವವರಲ್ಲೂ ಎಲುಬಿಗೆ ಸೋಂಕು ತಗುಲುವುದು ಬೇಗ. ಆದ್ದರಿಂದ ಕಾಲುನೋವಿನ ಜೊತೆ ಜ್ವರ, ಕೆಂಪು, ಬಿಸಿ ಇದ್ದರೆ ಬೆಳಗಾಗಲಿ ಎಂದು ಕಾಯಬಾರದು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಪೆಟ್ಟಾದ ನೆನಪಿಲ್ಲದೆ ಕಣಕಾಲೋ ಪಾದವೋ ಎರಡು ಮೂರು ವಾರ ಮೀರಿ ನೋಯುತ್ತಿದ್ದರೆ, ಭಾರ ಹೊತ್ತಾಗ, ಮೆಟ್ಟಿಲಿನಲ್ಲಿ, ಏರುತಗ್ಗಿನಲ್ಲಿ ಹೆಚ್ಚಾಗುತ್ತಿದ್ದರೆ, ಉಳುಕು ಎನ್ನುವುದನ್ನು ಬಿಟ್ಟು ವೈದ್ಯರ ಬಳಿ ಹೋಗಿ. ಎಕ್ಸ್-ರೇ ಸರಿ ಇದೆ ಎಂದರೆ ಅಲ್ಲಿಗೇ ಮುಗಿಸಬೇಡಿ. ಆರಂಭದಲ್ಲಿ ಎಕ್ಸ್-ರೇಯಲ್ಲಿ ಸತ್ತ ಎಲುಬೂ ಸರಿಯಾಗಿಯೇ ಕಾಣುತ್ತದೆ; ವ್ಯತ್ಯಾಸ ತೋರಲು ವಾರಗಳು, ತಿಂಗಳುಗಳು ಬೇಕು. ಮೊದಲೇ ತೋರಿಸುವುದು ಎಂ.ಆರ್.ಐ. ಅದು ದುಬಾರಿ ಪರೀಕ್ಷೆ ನಿಜ. ಎಲ್ಲರಿಗೂ ಅದು ಬೇಕಿಲ್ಲ. ಆದರೆ ಸಿಕಲ್ ಸೆಲ್ ಇರುವವರು, ಸ್ಟಿರಾಯ್ಡ್ ತೆಗೆದುಕೊಂಡವರು, ಹೆಚ್ಚು ಕುಡಿಯುವವರು ಆ ವಿಷಯವನ್ನು ತಾವಾಗಿಯೇ ವೈದ್ಯರಿಗೆ ಹೇಳಬೇಕು. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಒಂದು ಕಣಕಾಲಿನಲ್ಲಿ ಕಂಡರೆ ಇನ್ನೊಂದು ಕಣಕಾಲು, ಎರಡೂ ಸೊಂಟ ನೋಡಿಸಬೇಕೇ ಎಂದು ಕೇಳಿ. ರೋಗದಿಂದ ಬರುವ ಎಲುಬಿನ ಸಾವು ಒಂದೇ ಕಡೆ ನಿಲ್ಲುವುದು ಕಡಿಮೆ.

ಮಾಡಬಾರದ್ದು ಕೆಲವಿವೆ. ಕಾರಣ ತಿಳಿಯುವ ಮೊದಲು ಬಲವಾಗಿ ತಿಕ್ಕಿಸಬೇಡಿ, ಬಿಗಿಯಾಗಿ ಕಟ್ಟಿಸಬೇಡಿ. ಸಿಕಲ್ ಸೆಲ್ ಇರುವವರಿಗೆ ಬಾವಿನ ಮೇಲೆ ಮಂಜುಗಡ್ಡೆ ಇಡಬಾರದು. ತಂಪಿನಿಂದ ನಾಳಗಳು ಮುದುಡಿ ರಕ್ತದ ಓಟ ಇನ್ನೂ ಕಡಿಮೆಯಾಗುತ್ತದೆ. ಅವರು ಮೈ ಬೆಚ್ಚಗಿಟ್ಟುಕೊಳ್ಳಬೇಕು, ನೀರು ಧಾರಾಳವಾಗಿ ಕುಡಿಯಬೇಕು, ನಾಟಿ ಕಾಲದಲ್ಲಿ ತಣ್ಣನೆಯ ಗದ್ದೆಯಲ್ಲಿ ಹೊತ್ತುಗಟ್ಟಲೆ ನಿಲ್ಲಬಾರದು. ನೋವಿನ ಮಾತ್ರೆಗಳನ್ನೂ ತಾವೇ ನುಂಗುತ್ತಾ ಹೋಗಬಾರದು. ಈ ಕಾಯಿಲೆಯಲ್ಲಿ ಮೂತ್ರಪಿಂಡ ಮೊದಲೇ ದುರ್ಬಲ.

ಚಿಕಿತ್ಸೆ ಇದೆಯೇ? ಇದೆ. ಕುಸಿಯುವ ಮೊದಲಾದರೆ ಕಾಲಿನ ಮೇಲೆ ಭಾರ ಬೀಳದಂತೆ ಊರುಗೋಲು, ವಿಶೇಷ ಬೂಟು ಕೊಡುತ್ತಾರೆ. ಕೆಲವರಿಗೆ ಎಲುಬಿಗೆ ಸಣ್ಣ ರಂಧ್ರ ಕೊರೆದು ಒಳಗಿನ ಒತ್ತಡ ತಗ್ಗಿಸುತ್ತಾರೆ. ಹೊಸ ರಕ್ತನಾಳ ಬೆಳೆಯಲು ದಾರಿಯಾಗುತ್ತದೆ. ಕುಸಿದ ಮೇಲೆ ಎಲುಬುಗಳನ್ನು ಒಂದಕ್ಕೊಂದು ಬೆಸೆಯಬೇಕಾಗಬಹುದು. ಆಗ ನೋವು ಹೋಗುತ್ತದೆ, ಆದರೆ ಗಂಟು ಮಡಿಸುವುದು ಹೋಗುತ್ತದೆ. ಸತ್ತ ಟೇಲಸ್ ತೆಗೆದು ಅದೇ ಅಳತೆಯ ಲೋಹದ ಎಲುಬನ್ನು ಕೂರಿಸುವ ವಿಧಾನಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿದೆ. ಸಿಕಲ್ ಸೆಲ್ ಇರುವವರಿಗೆ ಯಾವ ಶಸ್ತ್ರಚಿಕಿತ್ಸೆ ಮಾಡುವುದಿದ್ದರೂ ವೈದ್ಯರು ಮೊದಲೇ ವಿಶೇಷ ಸಿದ್ಧತೆ ಮಾಡಿಕೊಳ್ಳಬೇಕು. ಆದ್ದರಿಂದ ಕಾಯಿಲೆಯ ಕಾರ್ಡನ್ನು ತೋರಿಸದೆ ಆಪರೇಷನ್ ಕೊಠಡಿಗೆ ಹೋಗಬೇಡಿ.

ಇದೆಲ್ಲ ಎಲುಬಿನ ಚಿಕಿತ್ಸೆ. ಮೂಲ ಕಾಯಿಲೆಗೆ ಚಿಕಿತ್ಸೆ ಬೇರೆ. ಸಿಕಲ್ ಸೆಲ್‌ಗೆ ಹೈಡ್ರಾಕ್ಸಿಯೂರಿಯ ಎಂಬ ಔಷಧಿ ಇದೆ. ವೈದ್ಯರ ನಿಗಾದಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು, ದಿನವೂ ತೆಗೆದುಕೊಂಡರೆ ನೋವಿನ ಸರದಿಗಳು ಕಡಿಮೆಯಾಗುತ್ತವೆ. ಮಗು ಬೇಕೆಂದಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಾಲನ್ನು ಮಾತ್ರ ನೋಡಿಸಿ ರಕ್ತವನ್ನು ಬಿಟ್ಟರೆ, ಸೋರುವ ಮಾಡಿನ ಕೆಳಗೆ ನೆಲ ಸಾರಿಸಿದಂತೆ.

ಸರ್ಕಾರದ ಕಡೆಯಿಂದ ಇರುವ ಅನುಕೂಲಗಳನ್ನೂ ತಿಳಿದಿರಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. 40 ವರ್ಷದ ವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ಅದರಡಿ ಬರುವ 17 ರಾಜ್ಯಗಳಲ್ಲಿ ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಎಲ್ಲವೂ ಇವೆ. ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ಕಾಯಿಲೆಯನ್ನೂ ಸೇರಿಸಿದ್ದಾರೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕೇರಳ ಸರ್ಕಾರ ಈ ರೋಗಿಗಳಿಗೆ ಮಾಸಿಕ ಸಹಾಯಧನದ ಯೋಜನೆಯನ್ನು ನಡೆಸುತ್ತ ಬಂದಿದೆ. ಅರ್ಜಿ ತುಂಬಲು ನಾಚಿಕೆ ಬೇಡ. ಅದು ದಾನವಲ್ಲ, ನಿಮ್ಮ ಹಕ್ಕು.

ಕೊನೆಯದಾಗಿ, ಗಡಿಯ ಜನರಾದ ನಮಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತು. ನಾವು ಒಮ್ಮೆ ಕೋಳಿಕ್ಕೋಡಿಗೆ ಹೋಗುತ್ತೇವೆ, ಒಮ್ಮೆ ಮೈಸೂರಿಗೆ. ತಾಳವಾಡಿಯವರು ಚಾಮರಾಜನಗರಕ್ಕೂ ಹೋಗುತ್ತಾರೆ, ಈರೋಡಿಗೂ ಹೋಗುತ್ತಾರೆ. ಜತ್ತದವರು ಸಾಂಗಲಿಗೂ ವಿಜಯಪುರಕ್ಕೂ. ಒಂದು ಆಸ್ಪತ್ರೆಯ ಕಾಗದ ಇನ್ನೊಂದು ಆಸ್ಪತ್ರೆಗೆ ತಿಳಿಯುವುದಿಲ್ಲ. ನಾವು ಎಲುಬು ಎಂದರೆ ಮಲೆಯಾಳದಲ್ಲಿ ಎಲ್ಲು, ತಮಿಳಿನಲ್ಲಿ ಎಲುಂಬು, ತೆಲುಗಿನಲ್ಲಿ ಎಮುಕ, ಮರಾಠಿಯಲ್ಲಿ ಹಾಡ. ಮಾತು ಬಾರದಿದ್ದರೆ ಬೆರಳಿಟ್ಟು ನೋವಿನ ಜಾಗ ತೋರಿಸಿ, ಎಷ್ಟು ದಿನದಿಂದ ಎಂದು ಲೆಕ್ಕ ಹೇಳಿ. ಎಲ್ಲಕ್ಕಿಂತ ಮುಖ್ಯ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಡತ ಇರಲಿ. ಐದು ರೂಪಾಯಿಯ ಕಾಗದದ ಹೊದಿಕೆ ಸಾಕು. ಯಾವ ಭಾಷೆಯ ಚೀಟಿಯಾದರೂ ದಿನಾಂಕದ ಪ್ರಕಾರ ಜೋಡಿಸಿ. ಮೇಲಿನ ಪುಟದಲ್ಲಿ ರಕ್ತದ ಗುಂಪು, ಸಿಕಲ್ ಸೆಲ್ ಪರೀಕ್ಷೆಯ ಫಲಿತಾಂಶ, ತೆಗೆದುಕೊಂಡ ದೊಡ್ಡ ಔಷಧಿಗಳು, ಇಷ್ಟನ್ನು ಬರೆದಿಡಿ. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ.

ಬರುವ ಭಾನುವಾರ ಆ ಚೀಲಗಳನ್ನು, ಡಬ್ಬಗಳನ್ನು ಒಮ್ಮೆ ಇಳಿಸಿ ನೋಡಿ. ಕುಂಟುತ್ತಾ ಕೆಲಸಕ್ಕೆ ಹೋಗುತ್ತಿರುವ ಮಗನೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ, ಸೋಮವಾರ ಆ ಕಡತದೊಂದಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.